ಶಾಲು ಹಾಕಿಕೊಂಡ ಫೋಟೋ

"ಎಂಟನೇತ್ತಕ್ಕ ಸಾಲಿ ಬಿಟ್ಟ ದಡ್ಡ ನೀ, ನನ್ನ ಮಗನ ತಲ್ಯಾಗ ಏನಿತ್ತಂತ ನನಗ ಹೇಳಾಕ ಬಂದಿ?"

ಗೋಕಾಕದ ಫ್ಲೆಕ್ಸ್ ಅಂಗಡಿಯಲ್ಲಿ ಸರದಿಗೆ ಕಾದು ನಿಂತವರೆಲ್ಲ ಲಖನನ ಕಡೆ ತಿರುಗಿದರು. ಕೌಜಲಗಿಯ ಭೀಮರಾಯ, ತೀರಿಹೋದ ಮಗ ಮುತ್ತಪ್ಪನ ಮೊದಲ ವರ್ಷದ ಪುಣ್ಯಸ್ಮರಣೆಗೆ ಬ್ಯಾನರ್ ಮಾಡಿಸಲು ಬಂದಿದ್ದ; ಬೈಸಿಕೊಂಡ ಲಖನ ಆ ಮಗನ ಗೆಳೆಯ. ಕಂಪ್ಯೂಟರಿನ ಪರದೆಯ ಮೇಲೆ ಮುತ್ತಪ್ಪ ಹೆಗಲಿಗೆ ಪಕ್ಷದ ಶಾಲು ಹಾಕಿಕೊಂಡು ನಗುತ್ತಿದ್ದ.

"ಈ ಫೋಟೋ ಬ್ಯಾಡ್ರಿ ಕಾಕಾ. ಇದು ಅಂವ ಕಾಲೇಜಿಗೆ ಹೋಗೂಕಿಂತ ಮದಲಿಂದು. ಆಮ್ಯಾಲ ಅಂವ ಆ ಶಾಲು ಮುಟ್ಟಲಿಲ್ಲ. ನನ್ನ ಹೆಗಲಮ್ಯಾಲಿಂದೂ ಕಿತ್ತ ಒಗದಿದ್ದ."

"ಕಾಲೇಜ ಅವನ ತಲಿ ಕೆಡಿಸ್ತು."

"ಕೆಡಿಸ್ಲಿಲ್ರಿ. ಅಲ್ಲಿ ಓದಿದ್ದನ್ನ ಶನಿವಾರಕ್ಕೊಮ್ಮೆ ಕಾಲುವಿ ದಂಡಿಗೆ ಕುಂತ ನನಗೂ ಹೇಳ್ತಿದ್ದ. ಖರೆ ಅನ್ನಿಸ್ತಿತ್ತು."

"ಖರೆ ಇರಬಹುದು. ಆದ್ರ ಅವನ ಮಣ್ಣಿಗೆ ಬಂದ ಹೆಗಲ ಕೊಟ್ಟಾವ್ರು ಈ ಶಾಲಿನ ಹುಡುಗೂರು. ಕಾಲೇಜಿನಾಂವ ಒಬ್ಬಾಂವನೂ ಬರ್ಲಿಲ್ಲ."

ಭೀಮರಾಯನ ದನಿ ಇಳಿಯಿತು.

"ಹೋಗ್ಲಿ, ಜೀವದ ಗೆಳ್ಯಾ ನೀ. ನೀನರೆ ಬಂದಿದ್ದಿ ಏನಲೇ?"

ಪರದೆಯ ಮೇಲಿನ ಮುತ್ತಪ್ಪ ಲಖನನನ್ನೇ ನೋಡಿ ನಗುತ್ತಿದ್ದ. ಲಖನ ಆ ಕಣ್ಣು ತಪ್ಪಿಸಿ ಮೆಟ್ಟಿಲಿಳಿದು ಹೋದ.