ಒಂದೇ ಪೆಟ್ಟು

ಮಧ್ಯಾಹ್ನದ ಊಟಕ್ಕೆ ಕೂರುವಷ್ಟರಲ್ಲಿ ಮಳೆ ಹಿಡಿಯಿತು. ಕೆಲಸದವರೆಲ್ಲ ತಗಡಿನ ಶೆಡ್ಡಿಗೆ ನುಗ್ಗಿದರು. ಹೊರಗೆ ಅರ್ಧ ಎದ್ದ ಗೋದಾಮಿನ ಉಕ್ಕಿನ ಕಂಬಗಳಿಗೆ ಗಾಳಿ ಬಡಿಯುತ್ತಿತ್ತು. ಮೇಸ್ತ್ರಿ ಬುತ್ತಿ ಬಿಚ್ಚದೆ ಆ ಕಂಬಗಳನ್ನೇ ನೋಡುತ್ತಿದ್ದ. ನಾಲ್ಕನೇ ಸಾಲಿಗೆ ಪೈಪು ಸಾಲದೆ, ಮೂರನೇ ಸಾಲಿನ ಕಂಬಗಳು ವಾಲದಂತೆ ಕೊಟ್ಟಿದ್ದ ಎರಡು ಓರೆ ಆಸರೆ ಪೈಪುಗಳನ್ನು ಬೆಳಿಗ್ಗೆ ಅವನೇ ಬಿಚ್ಚಿ ಒಯ್ದಿದ್ದ. ಯಾರಿಗೂ ಹೇಳಿರಲಿಲ್ಲ. ಮಳೆ ನಿಂತ ಕೂಡಲೇ ಆ ಸಾಲಿಗೆ ಹತ್ತಬೇಕಾದವನು ಅವನ ಒಡಹುಟ್ಟಿದ ತಮ್ಮ.

ಎಲ್ಲರೂ ತಾತ ಎನ್ನುವ ಮುದಿ ಫಿಟ್ಟರ್ ಸ್ಪ್ಯಾನರ್ ಒರೆಸುತ್ತ ಬಾಯಿ ತೆರೆದ.

"ಹತ್ತಿರ ಬನ್ರಪ್ಪ, ಈ ತಗಡಿನ ಸದ್ದಿಗೆ ನನ್ನ ಗಂಟಲು ಸಾಲಲ್ಲ. ನನಗೊಬ್ಬ ಭಾವ ಇದ್ದ, ಹೆಂಡತಿ ಅಣ್ಣ... ಕಂಬ ನಿಲ್ಲಿಸೋ ಕೆಲಸದಲ್ಲಿ ಅವನು ಮೇಲೆ, ನಾನು ಕೆಳಗೆ. ಆಸರೆ ಬಿಚ್ಚೋ ಮುಂಚೆ ನಾನು ಕಂಬಕ್ಕೆ ಮೂರು ಪೆಟ್ಟು ಹೊಡೀಬೇಕು. ಮೇಲೆ ಬೋಲ್ಟೆಲ್ಲ ಬಿಗಿಯಾಗಿದ್ರೆ ಅವನೂ ಮೂರು ಹೊಡೀತಾನೆ, ಇಲ್ಲಾಂದ್ರೆ ಒಂದೇ. ಒಂದು ಅಂದ್ರೆ ತಡಿ ಅಂತ. ಅವತ್ತೂ ಹೀಗೇ ಮೋಡ, ಕ್ರೇನಿನವನು ಹೊರಡ್ತೀನಿ ಅಂತ ತುದಿಗಾಲಲ್ಲಿ ನಿಂತಿದ್ದ. ನಾನು ಹೊಡೆದೆ... ಮೇಲಿಂದ ಒಂದೇ ಒಂದು ಟಣ್ ಬಂತು. ಮಿಕ್ಕ ಎರಡನ್ನ ಗಾಳಿ ಹೊತ್ಕೊಂಡು ಹೋಯ್ತು ಅಂದ್ಕೊಂಡೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ನನ್ನ ನೋಡೇ ಅಂದಿರಬೇಕು. ಬಿಚ್ಚಿಬಿಟ್ಟೆ... ಕಂಬಗಳು ಒಂದಕ್ಕೊಂದು ಒರಗಿಕೊಂಡು ಬಿದ್ವು, ಅವನು ನನ್ನೇ ನೋಡ್ತಾ ಅವುಗಳ ಜೊತೆ ಬಿದ್ದ, ಅಲ್ಲೇ ಹೋಗ್ಬಿಟ್ಟ. ತಪ್ಪು ನಂದೇ ಅಂತ ಹೆಂಡತಿಗೆ ಯಾವ ಬಾಯಲ್ಲಿ ಹೇಳಲಿ? ಇವತ್ತಿಗೂ ಹೇಳಿಲ್ಲ. ಆದರೆ ಅವತ್ತಿಂದ ನಾನು ಯಾವ ಕೆಲಸಕ್ಕೆ ಹೋಗಲಿ, ಯಾರಾದ್ರೂ ಹೊತ್ತಿಗೆ ಮುಂಚೆ ಆಸರೆ ತೆಗೆದ್ರೆ, ಮೇಲಿಂದ..."

ಮಳೆ ಸಣ್ಣಗಾಯಿತು. ತಮ್ಮ ಹೆಲ್ಮೆಟ್ಟು ಹಾಕಿಕೊಂಡು ಎದ್ದ. "ಹತ್ತಲಾ ಅಣ್ಣ?"

ಹೊರಗೆ, ಎತ್ತರದಲ್ಲಿ, ಟಣ್ ಎಂದಿತು. ಎಲ್ಲರೂ ಎರಡನೆಯದಕ್ಕೆ ಕಾದರು. ಬರಲಿಲ್ಲ.

ತಾತ ತಲೆ ಎತ್ತದೆ ಕೇಳಿದ. "ನಮ್ಮವರೆಲ್ಲ ಒಳಗೇ ಇದಾರೆ ತಾನೆ? ಯಾವ ಸಾಲು ಮೇಸ್ತ್ರಿ?"

ಮೇಸ್ತ್ರಿ ತಮ್ಮನ ಮಣಿಕಟ್ಟು ಹಿಡಿದುಕೊಂಡ. "ಮೂರನೇದು. ನಾನೇ ಬಿಚ್ಚಿದೆ ತಾತ. ಇವನನ್ನ ಹತ್ತಿಸಲ್ಲ, ಯಾರನ್ನೂ ಹತ್ತಿಸಲ್ಲ."

"ಸರಿ. ಯಾರೂ ಹತ್ತಿರ ಸುಳೀಬೇಡಿ. ಕ್ರೇನಲ್ಲಿ ಕಂಬ ಹಿಡಿಸಿ ಆಮೇಲೆ ಆಸರೆ ಕಟ್ಟೋಣ." ತಾತ ಸ್ಪ್ಯಾನರನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಾಚೆ ಮೇಲಕ್ಕೆ ನೋಡಿದ. "ನಲವತ್ತು ವರ್ಷ ಆಯ್ತು... ಭಾವ ಇನ್ನೂ ಕೆಳಗಿಳಿದಿಲ್ಲ."