ಎರಡನೆಯ ಟ್ರ್ಯಾಕಿನ ದನಿ

ಟಿಕ್ ಎನ್ನುವ ಸದ್ದು, ಅಷ್ಟೇ. ಓಣಿಯೆಲ್ಲ ಮಲಗಿದ ಮೇಲೆ ಅದು ಕೆಳಗಿನ ಮನೆಯಿಂದ ಬರುತ್ತಿತ್ತು. ಇಲಿಯದಲ್ಲ, ನಲ್ಲಿಯದಲ್ಲ, ಕಂಪ್ಯೂಟರಿನ ಮೌಸ್ ಒತ್ತಿದ ಸದ್ದು. ಒಮ್ಮೆ ಟಿಕ್ ಎಂದರೆ, ಆಮೇಲೆ ಒಂದು ಹಾಡು ಮುಗಿಯುವಷ್ಟು ಹೊತ್ತು ಏನೂ ಇಲ್ಲ. ಮತ್ತೆ ಒಂದು ಟಿಕ್. ನಡುವೆ ಕೆಮ್ಮು ಕೂಡ ಇಲ್ಲ. ನಾನು ಚಿಲಕ ಹಾಕಿದ್ದೇನೆಯೇ ಎಂದು ಎದ್ದು ಹೋಗಿ ನೋಡಿ ಮಲಗುವವಳು. ಇಂಥ ಸದ್ದನ್ನು ಕೇಳಿಸಿಕೊಂಡು, ಅದರ ಅರ್ಥ ತಿಳಿಯದೆ ನಿದ್ದೆ ಮಾಡುವುದು ನನ್ನಿಂದ ಆಗುತ್ತಿರಲಿಲ್ಲ.

ಗಾಜಿಪುರದ ಆ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೇನೆ. ಕೆಳಗಿರುವವರು ಮನೆಯೊಡತಿ ಶಿವಕಾಂತಮ್ಮ. ಕಮಲಾಪುರದ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಓಣಿಗೆಲ್ಲ ಅಕ್ಕೋರು. ಗಂಡ ತೀರಿ ಬಹಳ ಕಾಲವಾಯಿತು, ಮಕ್ಕಳಿಲ್ಲ. ಶ್ರಾವಣದ ಒಂದು ಸಂಜೆ ಜಡಿಮಳೆ ಹಿಡಿದು, ಕರೆಂಟು ಹೋಗಿ, ಕತ್ತಲಾದರೂ ಬರಲಿಲ್ಲ. ನಾನು ಮೇಣದಬತ್ತಿ ಕೇಳಲು ಕೆಳಗಿಳಿದೆ. ಅಲ್ಲಿ ಅಕ್ಕೋರ ತಮ್ಮನ ಮಗಳು ಮಲ್ಲಿಕಾ ಬಂದು ಮಳೆಗೆ ಸಿಕ್ಕಿಕೊಂಡಿದ್ದಳು. ಮುಂದಿನ ವಾರ ಅವಳ ಮದುವೆ. ಪಕ್ಕದ ಮನೆಯ ರೋಷನಬಿ ಚಾರ್ಜಿನ ದೀಪ ತಂದು ನಡುವೆ ಇಟ್ಟಿದ್ದಳು. ಮೂಲೆಯ ಮೇಜಿನ ಮೇಲೆ ಕಂಪ್ಯೂಟರು ಕಪ್ಪಗೆ ಕುಳಿತಿತ್ತು.

“ಅತ್ತಿ, ನನ್ನ ಮದಿವಿ ಪದ ಆಯ್ತೇನ?” ಎಂದು ಮಲ್ಲಿಕಾ ಕೇಳಿದಳು. ಅಕ್ಕೋರು ಮೂಲೆಯ ಕಂಪ್ಯೂಟರಿನ ಕಡೆ ನೋಡಿದರು. ಆಗ ನಾನು ರಾತ್ರಿ ಕೇಳುವ ಸದ್ದಿನ ಮಾತು ತೆಗೆದೆ.

“ಅಕ್ಕೋರ, ಭೂತದ ಕತಿ ಹೇಳೂರಿದ್ರ ಮೊದ್ಲ ಹೇಳ್ರಿ,” ಎಂದಳು ರೋಷನಬಿ. “ನಾ ಒಬ್ಬಾಕೀನ ಅಂಗಳ ದಾಟಿ ಹೋಗಬೇಕು.”

“ಕುಂದ್ರ ರೋಷನಬಿ. ಭೂತ ಅಲ್ಲ, ಗೆಳತಿ,” ಎಂದು ಅಕ್ಕೋರು ಕಾಲು ಮಡಚಿ ಗೋಡೆಗೆ ಒರಗಿದರು.

“ಕಮಲಾಪುರದಾಗ ಸಾವಿತ್ರಿಬಾಯಿ ಅಂತ ಇದ್ಳು… ಸಿಂಪಿಗೇರ ಮನಿ ಹೆಣ್ಮಗಳು. ಹಿತ್ತಲದಾಗ ಕೆಂಪ ಬಾಳಿ, ಪಡಸಾಲ್ಯಾಗ ಹೊಲಿಗಿ ಮಷಿನ್ನು, ಬಾಯಾಗ ಯಾವಾಗ್ಲೂ ಪದ. ಊರಾಗ ಯಾರ ಮದಿವಿ ಇದ್ರೂ, ಮದುಮಗಳಿಗಿ ನೀರು ಹಾಕಿ ಸುರಗಿ ಸುತ್ತೂ ಹೊತ್ತಿಗಿ ನಮ್ಮಿಬ್ಬರನ್ನ ಕರೀತಿದ್ರು. ಸೋಬಾನ ಪದ ಒಬ್ರು ಹಾಡೂದಲ್ಲ, ಗೊತ್ತದಿಲ್ಲೋ? ಒಬ್ಬಾಕಿ ಸಾಲು ಎತ್ತಬೇಕು, ಎತ್ತಿ ಜಾಗಾ ಬಿಡಬೇಕು, ಆ ಜಾಗಾದಾಗ ಇನ್ನೊಬ್ಬಾಕಿ ಹಿಡೀಬೇಕು. ಎತ್ತಿದಾಕೀನ ಹಿಡದ್ರ ಮದುಮಗಳು ಒಂಟಿ ಆಗ್ತಾಳ ಅಂತ ನಮ್ಮ ಕಡಿ ನಂಬಿಕಿ. ನಾ ಎತ್ತಾಕಿ, ಸಾವಿತ್ರಿ ಹಿಡಿಯಾಕಿ. ಅಕಿಗಿ ಒಂದು ಖೋಡಿ ಚಟಾ ಇತ್ತು ನೋಡ್ರಿ… ನನ್ನ ಸಾಲು ಮುಗಿಯೂತನ ಕಾಯಾಕಿ ಅಲ್ಲ. ಕಡೀ ಮಾತು ಇನ್ನಾ ನನ್ನ ಬಾಯಾಗ ಇರ್ತಿತ್ತು, ಅಕಿ ಅಷ್ಟರಾಗ ಹಿಡದಬಿಡ್ತಿದ್ಳು. ‘ಏ ತಡಿಯ, ಬಸ್ ತಪ್ಪತದೇನ ನಿಂದು?’ ಅಂತ ನಾ ಬೈತಿದ್ದೆ. ‘ನೀ ಉಸುರು ಬಿಡೂತನ ಕಾಯ್ದ್ರ ಮದುಮಗಳಿಗಿ ಮೊಮ್ಮಕ್ಕಳಾಗ್ತಾವ’ ಅಂತಿದ್ಳು. ಹಿಂಗ ಜಗಳಾಡಕೋತನ ಇಬ್ಬರಿಗೂ ತಲಿ ಬೆಳ್ಳಗಾದ್ವು.

“ಕೊರೋನಾ ಬಂತಲ್ಲ… ಆಗ ಹ್ವಾದ್ಳು. ಇಲ್ಲಿಂದ ಕಮಲಾಪುರ ಎಷ್ಟ ದೂರರೀ? ಮುಂಜಾನಿ ಹ್ವಾದ್ರ ಮಧ್ಯಾಹ್ನ ಊಟಕ್ಕ ತಿರುಗಿ ಬರೂ ಹಾದಿ. ಆ ಹಾದಿನೂ ಬಂದ್ ಮಾಡಿದ್ರು. ಮಣ್ಣಿಗಿ ಹೋಗಲಿಲ್ಲ, ಮಾರಿ ನೋಡಲಿಲ್ಲ. ಆಮ್ಯಾಗ ನನ್ನ ಬಾಯೀನ ಮುಚ್ಚಿತು. ಎತ್ತಿದ್ರ ಹಿಡಿಯಾಕಿ ಯಾರು?

“ಈ ಹುಡುಗೀದು ನಿಶ್ಚಯ ಆಯ್ತು. ‘ಅತ್ತಿ, ನನಗ ನಿನ್ನ ಪದಾನ ಬೇಕು’ ಅಂದ್ಳು. ಹಿಡಿಯೂ ಸಾಲು ಬರೂವಂಥಾಕಿ ಒಬ್ಬಾಕಿನೂ ಉಳದಿಲ್ಲ. ಇಕಿ ಅಣ್ಣ ವಿವೇಕಾನಂದ ಇದ್ದಾನಲ್ಲ, ನೆಹರು ಗಂಜಿನ್ಯಾಗ ಮೈಕ್ ಸೆಟ್ಟಿನ ಅಂಗಡಿ ಇಟ್ಟಾಂವ… ಅಂವ ಈ ಕಂಪ್ಯೂಟರ ತಂದು ಕೂಡಿಸಿ ಹೇಳಿದ: ‘ಮೊದಲ ಒಂದು ದನಿ ತುಂಬು ಅತ್ತಿ. ಆಮ್ಯಾಲ ಅದನ್ನ ಹೆಡ್‌ಫೋನಿನಾಗ ಕೇಳಕೋತ, ಅದರ ಮ್ಯಾಲ ಬ್ಯಾರೆ ಟ್ರ್ಯಾಕಿನಾಗ ಎರಡನೇ ದನಿ ತುಂಬು. ಇಬ್ಬರು ಹಾಡಿದಂಗ ಆಗ್ತದ.’ ಆಗ್ತದ ಖರೆ, ಆದ್ರ ಎತ್ತಿದಾಕೀನ ಹಿಡೀಬಾರದಲ್ಲ? ಅದಕ್ಕ ನಾ ಒಂದು ಉಪಾಯ ಮಾಡ್ದೆ… ಮೊದಲನೇ ಟ್ರ್ಯಾಕಿಗಿ ನನ್ನ ಹೆಸರು ಹಾಕ್ದೆ. ಎರಡನೇದಕ್ಕ ಅಕಿ ಹೆಸರು ಹಾಕಿ, ದೀಪಾ ಹಚ್ಚಿ, ‘ಸಾವಿತ್ರಿ, ಈ ಜಾಗಾ ನಿಂದು, ನಿನ್ನ ಹೆಸರೀಲೆ ಹಾಡ್ತೀನಿ’ ಅಂತ ಹೇಳಿ ಆಮ್ಯಾಗ ಬಾಯಿ ತೆರದೆ. ಮದುಮಗಳಿಗಿ ಕೆಟ್ಟ ಆಗಬಾರದು ಅಂತ ಮಾಡಿದ್ದು ನೋಡ್ರಿ. ಬ್ಯಾರೆ ಊರಾಗ ಯಾರೂ ಹಿಂಗ ಮಾಡ್ಲಿಕ್ಕಿಲ್ಲ.

“ನಾ ಎತ್ತೂ ಸಾಲು, ‘ಹಂದರದ ಬಾಗಲಾಗ ಯಾರ ಬಂದು ನಿಂತಾರ…’ ಹಿಡಿಯೂ ಸಾಲು, ‘ನಿನ ಜೋಡಿ ಬಂದೀನಿ, ಕೈ ಹಿಡದು ಕರಕೊಳ್ಳ…’ ಎರಡೂ ಕೂಡಿಸಿ ಕೇಳ್ದೆ. ನನ್ನ ಎರಡನೇ ದನಿ ತಡಾ ಬರಾಕತ್ತಿತ್ತು, ಕುಂಟಕೋತ ಬಂದಂಗ. ಅದರ ಹಿಂದ ಇನ್ನೊಂದು ದನಿ ಸಣ್ಣಗ ಕೇಳಾಕತ್ತಿತ್ತು. ವಿವೇಕಾನಂದ ಬಂದ. ‘ತಡಾ ಆಗೂದು ಮಾಮೂಲಿ ಅತ್ತಿ. ದನಿ ಕಂಪ್ಯೂಟರಿನ ಒಳಗ ಹೋಗಿ ಬರಾಕ ಹೊತ್ತು ಹಿಡೀತದ’ ಅಂದ. ಚಪ್ಪಾಳಿ ತಟ್ಟಿಸಿ ಎಷ್ಟ ತಡಾ ಅಂತ ಅಳದ, ಅಷ್ಟ ಹಿಂದ ಸರಿಸಿದ. ಕುಂಟೂದು ನಿಂತಿತು. ಇನ್ನೊಂದು ದನಿ ನಿಲ್ಲಲಿಲ್ಲ.

“‘ಹಾಂ, ಇದು ಮೈಕಿಂದಷ್ಟ ತಗೊಳ್ಳವಲ್ದು, ತಾ ಬಾರಸೂ ಸಪ್ಪಳಾನೂ ತಾನ ತಿರುಗಿ ತುಂಬಕೊಳ್ಳಾಕತ್ತದ’ ಅಂದ. ಒಳಗ ಎಲ್ಲೋ ಹೋಗಿ ಬರೇ ಮೈಕ್ ಅಂತ ಆರಿಸಿದ. ನಿಲ್ಲಲಿಲ್ಲ. ‘ಹೆಡ್‌ಫೋನಿನಿಂದ ಸೋರಿ ಮೈಕಿನಾಗ ಬೀಳತದ’ ಅಂದ. ಕಿವಿ ಪೂರಾ ಮುಚ್ಚೂವಂಥಾದ್ದು ತಂದ, ಸಪ್ಪಳ ಕಡಿಮಿ ಮಾಡ್ದ. ಊಹೂಂ… ಮೈಕಿನ ವೈರು ಕಿತ್ತಿ ನೋಡ್ದ. ಪರದೆ ಮ್ಯಾಲ ಗೆರಿ ನೆಟ್ಟಗ, ಸಪ್ಪಳ ಇಲ್ಲ. ವೈರು ಹಚ್ಚಿದ ಕೂಡ್ಲೆ ಗುಡ್ಡ ಎದ್ದಂಗ ಗೆರಿ ಏಳಾಕತ್ತಿತು. ಅಂದ್ರ ದನಿ ಮೈಕಿನಿಂದನ ಬರ್ತದ, ಈ ಮನ್ಯಾಗಿಂದನ ಬರ್ತದ ಅಂದಂಗಾಯ್ತು. ಹೌದಿಲ್ಲೋ?

“ಆಗ ಅಂವ ಒಂದು ಕೆಲಸಾ ಮಾಡ್ದ. ನನ್ನ ಟ್ರ್ಯಾಕ್ ಬಂದ್ ಮಾಡಿ, ಎರಡನೇದು ಒಂದನ್ನ ಹಚ್ಚಿದ. ಅದರಾಗ ನನ್ನ ದನಿ ಇತ್ತು… ನನ್ನ ದನಿಗಿಂತ ಒಂದು ಉಸುರು ಮೊದಲ, ಆ ದನಿ ಇತ್ತು. ಕೇಳಿಸಿಕೊಂಡ್ರೇನ? ಮೊದಲ. ವಿವೇಕಾನಂದನ ಮಾರಿ ಮ್ಯಾಲಿನ ನಗಿ ಹ್ವಾಯ್ತು. ‘ಅತ್ತಿ, ಕಂಪ್ಯೂಟರ ತಡಾ ಮಾಡ್ತದ, ಕದ್ದು ಕೇಳತದ, ಎರಡೆರಡು ಸಲ ಒದರತದ. ಇನ್ನಾ ಹಾಡದ ಸಾಲು ಮೊದಲ ಹೆಂಗ ತರ್ತದ? ನಾ ಸರಿಸಿದ್ದು ಹೆಚ್ಚಾಗಿತ್ತಂದ್ರ ನಿನ್ನ ದನಿನೂ ಅದರ ಜೋಡಿ ಸರೀಬೇಕಿತ್ತಲ್ಲ?’ ಅಂದ. ನನಗ ಗೊತ್ತಾಗಿತ್ತು… ಕಾಯೂ ಚಟಾ ಯಾರಿಗಿ ಇರಲಿಲ್ಲ ಅಂತ.

“ಹೆದರಿಕಿ ಬಂತೇನ ಅಂತ ಕೇಳ್ತೀರಿ. ಇಲ್ಲ. ಮೊದಲ ಸಿಟ್ಟು ಬಂತು, ಸತ್ತರೂ ಬಿಡವಲ್ಲಳಲ್ಲ ಅಂತ. ಆಮ್ಯಾಗ… ಏನ ಹೇಳ್ಲಿ, ಹೊಟ್ಟಿ ತಂಪಾಯ್ತು. ಮುಂದ ನಾ ಹಿಡಿಯೂ ಸಾಲು ಹಾಡೂದ ಬಿಟ್ಟೆ. ದಿನಾ ಮಲಗೂ ಮುಂದ ಬಟನ್ ಒತ್ತಿ, ಬಾಯಿಗಿ ಸೆರಗು ಅಡ್ಡ ಹಿಡಕೊಂಡು ಕೂಡ್ತಿದ್ದೆ. ನನ್ನ ಸಾಲು ಹೆಡ್‌ಫೋನಿನಾಗ ಎತ್ತತಿತ್ತು, ಪರದೆ ಮ್ಯಾಲ ಅಕಿ ಗುಡ್ಡ ಏಳತಿತ್ತು. ಮಗಳ, ನೀ ಮ್ಯಾಲ ಮಕ್ಕೊಂಡು ಕೇಳಿದ ಸಪ್ಪಳ ಅದು. ಅಕಿ ಹಾಡೂದು ನನ್ನ ಕಿವಿಗಿ ಕೇಳತಿರಲಿಲ್ಲ. ತುಂಬಿದ ಮ್ಯಾಲನ ಕೇಳತಿತ್ತು. ಮುಂಜಾನಿ ಎದ್ದು ಕೇಳತಿದ್ದೆ. ಈ ಮನ್ಯಾಗ ನನ್ನ ಜೋಡಿ ಒಬ್ಬಾಕಿ ಇದ್ದಾಳ ಅನಸತಿತ್ತು. ಇಷ್ಟ ವರ್ಷದಾಗ ಹಂಗ ಅನಸಿದ್ದು ಅವಾಗನ.

“ದಿನಕ್ಕಿಷ್ಟು ಮೊದಲ ಬರಾಕತ್ತಿದ್ಳು. ಒಂದು ಉಸುರು ಇದ್ದದ್ದು ಎರಡಾಯ್ತು, ಅರ್ಧ ಸಾಲಾಯ್ತು… ಹ್ವಾದ ಅಮಾಸಿ ಮರುದಿನ ಕೇಳಿದ್ರ, ಅಕಿ ಹಿಡಿಯಾಕತ್ತಿರಲಿಲ್ಲ. ಎತ್ತಾಕತ್ತಿದ್ಳು. ನನ್ನ ಸಾಲು. ‘ಹಂದರದ ಬಾಗಲಾಗ ಯಾರ ಬಂದು ನಿಂತಾರ…’ ಅಂತ ಎತ್ತಿ, ಜಾಗಾ ಬಿಟ್ಟು ಸುಮ್ಮನಾದ್ಳು. ಎಂದೂ ಕಾಯದಾಕಿ ಕಾಯಾಕತ್ತಾಳ. ಹಿಡಿಯಾಕಿ ಎತ್ತಿ ಕುಂತ್ರ, ಆ ಜಾಗಾದಾಗ ಯಾರು ಹಿಡೀಬೇಕು? ಹೇಳ್ರಿ ನೀವ?”

ರೋಷನಬಿ ದೀಪವನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು. ಮಲ್ಲಿಕಾ ಅಕ್ಕೋರ ಕೈ ಹಿಡಿದುಕೊಂಡಳು.

“ಬ್ಯಾಡ ಬಿಡು ಅತ್ತಿ. ಪದ ಬ್ಯಾಡ. ಡಿ.ಜೆ. ಹಚ್ಚತಾರ.”

“ಅರ್ಧಾ ಪದ ಕೊಟ್ಟು ಕಳಸಲೇನ ನಿನ್ನ? ನಿನ್ನ ಹೆಸರೀಲೆ ಎತ್ತಿದ್ದದು. ಯಾರರೆ ಹಿಡದ ಮುಗಸಬೇಕು. ಹಿಡಿದ್ರ…” ಅವರು ಮಾತು ನಿಲ್ಲಿಸಿ ನಕ್ಕರು. “ಹಿಡಿಯೂ ಸಾಲು ಏನದ ಅಂತ ಗೊತ್ತದಲ್ಲ. ‘ನಿನ ಜೋಡಿ ಬಂದೀನಿ, ಕೈ ಹಿಡದು ಕರಕೊಳ್ಳ.’ ಅದನ್ನ ನಾ ಅಕಿಗಿ ಹೇಳ್ದಂಗ ಆಗ್ತದ. ಅವತ್ತಿಂದ ತುಂಬತೀನಿ, ಆದ್ರ ಕೇಳಂಗಿಲ್ಲ. ಕೇಳಿದ್ರ ಬಾಯಿ ತಾನ ಹಿಡೀತದ, ರೂಢಿ ನೋಡು.”

ಅಷ್ಟರಲ್ಲಿ ಕರೆಂಟು ಬಂತು. ಫ್ಯಾನು ತಿರುಗಿತು, ಎಲ್ಲರೂ ಬೆಳಕಿಗೆ ಕಣ್ಣು ಕಿರಿದು ಮಾಡಿದರು. ಅಕ್ಕೋರು ನನ್ನ ಕಡೆ ತಿರುಗಿದರು.

“ಮಗಳ, ನೀ ಕಾಲೇಜಿನ ಪಾಠಾ ಕಂಪ್ಯೂಟರಿನಾಗ ತುಂಬಿ ತಿದ್ದೂ ಕೆಲಸದಾಕಿ. ನಿನಗ ಇದು ತಿಳೀತದ. ನಿನ್ನೆ ತುಂಬಿದ್ದು ಒಂದು ಸಲ ಕೇಳಿ ಹೇಳು. ಆ ಜಾಗಾ ಇನ್ನಾ ಖಾಲಿ ಅದನೋ ಇಲ್ಲೋ.”

ನಾನು ಬೇಡ ಎನ್ನಬೇಕಾಗಿತ್ತು. ಆದರೆ ಅವರ ಮುಖದಲ್ಲಿ, ಪರೀಕ್ಷೆಯ ಫಲಿತಾಂಶಕ್ಕೆ ನಿಂತ ಹುಡುಗಿಯ ಮುಖದಲ್ಲಿರುವಂಥ ಒಂದು ಕಾತರವಿತ್ತು; ಅದು ಭಯವೋ ಆಸೆಯೋ ನನಗೆ ತಿಳಿಯಲಿಲ್ಲ. ಕಂಪ್ಯೂಟರ್ ಹಚ್ಚಿದೆ. ಎಲ್ಲವನ್ನೂ ನೋಡಿಕೊಂಡೆ. ಮೊದಲನೆಯ ಟ್ರ್ಯಾಕ್ ಬಂದ್ ಆಗಿತ್ತು. ರೆಕಾರ್ಡಿಗೆ ಆರಿಸಿದ್ದು ಮೈಕ್ ಒಂದೇ. ತಡದ ಲೆಕ್ಕವನ್ನು ವಿವೇಕಾನಂದ ಸರಿಯಾಗಿಯೇ ತುಂಬಿದ್ದ. ನಾನು ಹುಡುಕುತ್ತಿದ್ದುದು ಒಂದು ತಪ್ಪನ್ನು. ಒಂದಾದರೂ ಸಿಕ್ಕಿದ್ದರೆ ಎಷ್ಟು ನೆಮ್ಮದಿಯಾಗುತ್ತಿತ್ತು. ಯಾವುದೂ ಸಿಗಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಒತ್ತಿದೆ.

ಮೊದಲು ಕೋಣೆಯ ಮೌನ. ಆಮೇಲೆ ನಾನು ಎಂದೂ ಕೇಳದ ಒಂದು ಹೆಂಗಸಿನ ದನಿ, ತುಸು ಒಡಕು, ಆತುರದ್ದು: ಹಂದರದ ಬಾಗಲಾಗ ಯಾರ ಬಂದು ನಿಂತಾರ… ನಂತರ ಖಾಲಿ ಜಾಗ. ನಾನು ಉಸಿರು ಬಿಡುವುದರಲ್ಲಿದ್ದೆ. ಆ ಜಾಗದಲ್ಲಿ ಇನ್ನೊಂದು ದನಿ ಬಂತು. ದಿನವೂ ಬೆಳಿಗ್ಗೆ ಮೆಟ್ಟಿಲ ಕೆಳಗಿನಿಂದ ‘ಹಾಲು ಬಂದಾವ ನೋಡವ್ವ’ ಎಂದು ನನ್ನನ್ನು ಕರೆಯುವ ದನಿ. ನಿನ ಜೋಡಿ ಬಂದೀನಿ, ಕೈ ಹಿಡದು ಕರಕೊಳ್ಳ. ಮೈಕಿನ ಹತ್ತಿರ ಕುಳಿತು ಹಾಡಿದ್ದಲ್ಲ. ದೂರದಿಂದ, ಆ ಒಡಕು ದನಿ ಎಷ್ಟು ದೂರವಿತ್ತೋ ಅಷ್ಟೇ ದೂರದಿಂದ ಹಾಡಿದ್ದು.

ಆ ದನಿಯ ಒಡತಿ ನನ್ನೆದುರಿಗೆ, ಬಾಯಿಗೆ ಸೆರಗು ಹಿಡಿದು ಕುಳಿತಿದ್ದರು.

“ಏನರೆ ಕೇಳಿತೇನ?”

“ಇಲ್ರೀ ಅಕ್ಕೋರೆ. ಜಾಗಾ ಖಾಲಿ ಅದ.”

ಅವರು ಸೆರಗು ಇಳಿಸಿದರು. “ವಿವೇಕಾನಂದನೂ ಮುಂಜಾನಿ ಬಂದು ಕೇಳಿ ಹಿಂಗ ಅಂದ. ಅಂದಾಂವ ಚಾ ಕುಡೀದ ಹ್ವಾದ. ಖಾಲಿ ಇದ್ದದ್ದು ಕೇಳಿದ್ರ ನಿಮ್ಮ ಮಾರಿ ಯಾಕ ಹಿಂಗ ಬೆಳ್ಳಗಾಗ್ತಾವ, ಮಗಳ?”

ಅಳಿಸಿಬಿಡೋಣವೆಂದು ನನ್ನ ಬೆರಳು ಮೌಸಿನ ಮೇಲೆ ನಿಂತಿತ್ತು. ಅಳಿಸಿದರೆ ಯಾರ ದನಿ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ. ಏನನ್ನೂ ಮುಟ್ಟದೆ ಎದ್ದೆ. ಮಲ್ಲಿಕಾ ನನ್ನ ಮುಖವನ್ನೇ ನೋಡುತ್ತಿದ್ದಳು; ಮದುವೆಯ ಹೆಣ್ಣು, ಏನಾದರೂ ಕೇಳಿಯೇ ಬಿಡುವ ಹಾಗಿದ್ದಳು. ಮಳೆ ನಿಂತಿದೆ, ಬಟ್ಟೆ ಹರವಬೇಕು ಎಂದು ಏನೋ ಸುಳ್ಳು ಹೇಳಿ, ಮೇಣದಬತ್ತಿಯನ್ನೂ ಮರೆತು ಮೆಟ್ಟಿಲು ಹತ್ತಿದೆ. ಬಾಗಿಲು ಹಾಕಿಕೊಂಡು ನಿಂತಾಗ ತೀರ್ಮಾನ ಮಾಡಿಯಾಗಿತ್ತು: ಮಲ್ಲಿಕಾಳಿಗೆ ಹೇಳುವುದಿಲ್ಲ, ರೋಷನಬಿಗೆ ಹೇಳುವುದಿಲ್ಲ, ಗೊತ್ತಿದ್ದೂ ಬಾಯಿಬಿಡದ ವಿವೇಕಾನಂದನಿಗೂ ಹೇಳುವುದಿಲ್ಲ. ಯಾರಿಗೂ ಹೇಳುವುದಿಲ್ಲ.