ಕುಂಕುಮ ಹಚ್ಚಿದ ಡ್ಯಾನಿಶ್ ಪ್ಲೇಟು

ಹೇಳಿಕೆದಾರರ ಹೆಸರು: ರತ್ನಾಬಾಯಿ, ಗಂಡ ದಿವಂಗತ ಅಮೃತಪ್ಪ
ವಯಸ್ಸು: 67 ವರ್ಷ
ಉದ್ಯೋಗ: ಮನೆಗೆಲಸ
ಸ್ವಂತ ಊರು: ವಿಜಯಪುರ
ಸದ್ಯದ ವಾಸ: ಮಗಳು ಐಶ್ವರ್ಯಾ ಮತ್ತು ಅಳಿಯ ನಿತೀಶ ಇವರ ಫ್ಲ್ಯಾಟ್, ಎರಡನೇ ಮಹಡಿ, ಗ್ರೀನ್‌ಫರ್ಡ್, ಲಂಡನ್

ದುಭಾಷಿ ವೇಣುಗೋಪಾಲ ಅವರ ಸಮಕ್ಷಮದಲ್ಲಿ ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ದಿನಾಂಕ 02-10-2025ರಂದು ನನ್ನ ಅಳಿಯ ನಿತೀಶ ಅವರು, ಫೆಲ್ಥಮ್ ವಾಸಿ ಹೆನ್ನಿಂಗ್ ಸ್ಕೋವ್ ಎಂಬ 76 ವರ್ಷದ ಹಿರಿಯರು ನಮ್ಮ ಮನೆಯ ಹಾಡಿನ ಪ್ಲೇಟು ಕದ್ದಿದ್ದಾರೆಂದು ದೂರು ಕೊಟ್ಟಿದ್ದಾರೆ. ಆ ದೂರು ತಪ್ಪು. ಅತ್ತೆಯಾದವಳು ಅಳಿಯಂದಿರ ವಿರುದ್ಧ ಬಾಯಿ ಬಿಡುವುದು ನಮ್ಮ ಕಡೆ ಚೆಂದವಲ್ಲ, ಅದೂ ಅವರ ಮನೆಯಲ್ಲೇ ಇದ್ದುಕೊಂಡು. ಆದರೆ ಆ ಹಿರಿಯರಿಗೆ ಕಳ್ಳನೆಂಬ ಹೆಸರು ಉಳಿದರೆ ನನಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಕಳೆದ ಜುಲೈನಲ್ಲಿ ನಾನು ನನ್ನ ಸ್ವಂತ ದುಡ್ಡಿನಿಂದ, ಮನೆಯ ಹತ್ತಿರದ ಚಾರಿಟಿ ಶಾಪಿನಲ್ಲಿ ಒಂದು ಹಳೆಯ ರೆಕಾರ್ಡ್ ಪ್ಲೇಯರ್ ಕೊಂಡೆನು. ನನ್ನ ಯಜಮಾನರ ಭಜನೆಯ ಪ್ಲೇಟುಗಳನ್ನು ಕೇಳಬೇಕೆಂಬ ಆಸೆ. ಯಾವ ಪ್ಲೇಟು ಇಟ್ಟರೂ ಓಲಾಡುತ್ತಿತ್ತು. ತಿರುಗುವ ತಟ್ಟೆಯ ಮೇಲಿನ ರಬ್ಬರ್ ಎತ್ತಿ ನೋಡಿದಾಗ, ಅದರಡಿಯಲ್ಲಿ ಯಾರೋ ಒಂದು ಚಿಕ್ಕ ಪ್ಲೇಟನ್ನು ಒತ್ತು ಕೊಟ್ಟಂತೆ ಇಟ್ಟಿದ್ದರು. ಅದರ ಮೇಲೆ ‘ದಿ ಸಾಲ್ಟ್ ಬಕೆಟ್ಸ್, 1965’ ಎಂದಿತ್ತು. ಹಾಗೆಂದರೆ ಉಪ್ಪಿನ ಬಕೀಟುಗಳು ಎಂದು ಮಗಳು ಆಮೇಲೆ ಹೇಳಿದಳು.

ಆ ಹೊತ್ತಿಗೆ ಮನೆಯಲ್ಲಿ ಯಾರೂ ಇರಲಿಲ್ಲ. ಪ್ಲೇಟು ಹಾಕಿದೆನು. ಮೊದಲು ಕೋಣ ಗೊರಕೆ ಹೊಡೆದಂತೆ ಕೇಳಿತು. ವೇಗದ ಗುಂಡಿ ತಿರುಗಿಸಿದ ಮೇಲೆ ಏನಾಯಿತೆಂದು ಪೊಲೀಸರಿಗೆ ಹೇಳುವ ಅಗತ್ಯವಿಲ್ಲವೆಂದು ವೇಣುಗೋಪಾಲ ಅವರು ಹೇಳಿದರು. ಅಗತ್ಯವಿದೆ, ಬರೆಯಿರಿ ಎಂದು ನಾನು ಕೇಳಿಕೊಂಡಿದ್ದೇನೆ. ಗಿಟಾರುಗಳು ಹರಿದ ತಗಡಿನಂತೆ ಕಿರುಚಿದವು. ಡ್ರಮ್ ಬಾರಿಸುವವನು ಎಲ್ಲರನ್ನೂ ಬಿಟ್ಟು ಮುಂದೆ ಓಡುತ್ತಿದ್ದನು. ಇನ್ನೂ ದನಿ ಒಡೆಯುತ್ತಿದ್ದ ಒಬ್ಬ ಹುಡುಗ ಇಂಗ್ಲಿಷಿನಲ್ಲಿ ಹಾಡುತ್ತಿದ್ದನು. ಅವನ ಇಂಗ್ಲಿಷ್ ನನ್ನ ಇಂಗ್ಲಿಷಿನಷ್ಟೇ ಹರಕುಮುರುಕು, ಆದರೆ ಅವನಿಗೆ ಎಳ್ಳಷ್ಟೂ ನಾಚಿಕೆಯಿರಲಿಲ್ಲ. ನನ್ನ ಮೈ ಜುಮ್ಮೆಂದಿತು. ಅರವತ್ತು ವರ್ಷ ರಬ್ಬರಿನಡಿ ಬಿದ್ದಿದ್ದ ಆ ಮಕ್ಕಳು ಈಗಷ್ಟೇ ಬಾಗಿಲು ತಳ್ಳಿಕೊಂಡು ಒಳಬಂದ ಹಾಗಾಯಿತು. ಅಂದು ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು.

ಅಳಿಯಂದಿರು ಅದರ ಫೋಟೋ ತೆಗೆದು ಇಂಟರ್‌ನೆಟ್ಟಿನಲ್ಲಿ ಹಾಕಿದರು. ಡೆನ್ಮಾರ್ಕಿನ ಎಸ್ಬರ್ಗ್ ಎಂಬ ಬಂದರಿನ ಶಾಲಾ ಹುಡುಗರ ತಂಡವದು, ಮಾಡಿದ್ದು ಅದೊಂದೇ ಪ್ಲೇಟು ಎಂದು ತಿಳಿದುಬಂತು. ಅವರು ನನಗೆ ಹೇಳಿದ ಮಾತು: “ಅತ್ತಿ, ಇಂಥಾದ್ದು ಜಗತ್ತಿನ್ಯಾಗ ಇದೊಂದ ಉಳದದ ನೋಡ್ರಿ.” ಅಂದಿನಿಂದ ಅದನ್ನು ಹೊಸ ಕವರಿನಲ್ಲಿ ಹಾಕಿ ಶೆಲ್ಫಿನಲ್ಲಿ ಇಟ್ಟರು. ಸೆಪ್ಟೆಂಬರಿನಲ್ಲಿ ಹೆನ್ನಿಂಗ್ ಅವರಿಂದ ಸಂದೇಶ ಬಂತು. ತಾನೇ ಆ ತಂಡದ ಡ್ರಮ್ಮರ್, ಒಂದು ಸಲ ಕೇಳಿ ಹೋಗುತ್ತೇನೆ ಎಂದು ಬರೆದಿದ್ದರು. ದಸರೆಯ ದಿನ ಬರಲು ಹೇಳಿದೆವು.

ದಸರೆಯ ಹಿಂದಿನ ದಿನ ನಮ್ಮಲ್ಲಿ ಖಂಡೇಪೂಜೆ. ಮನೆಯ ಕತ್ತರಿ, ಮಿಕ್ಸರ್, ಲ್ಯಾಪ್‌ಟಾಪ್ ಎಲ್ಲಕ್ಕೂ ಪೂಜೆ ಮಾಡಿ ವಿಶ್ರಾಂತಿ ಕೊಡುತ್ತೇವೆ. ಅಳಿಯಂದಿರು ಕ್ಯಾನರಿ ವಾರ್ಫಿನ ಆಫೀಸಿಗೆ ಹೋಗಿದ್ದರು. ನಾನು ಪ್ಲೇಯರಿಗೂ ಪೂಜೆ ಮಾಡಿದೆನು. ಬರೀ ಗಾಣಕ್ಕೆ ಪೂಜೆ ಮಾಡಿ ಎಣ್ಣೆಗೆ ಬೇಡವೆಂದರೆ ಹೇಗೆ? ಆ ಚಿಕ್ಕ ಪ್ಲೇಟನ್ನು ಕವರಿನಿಂದ ತೆಗೆದು ಪ್ಲೇಯರಿನ ಮೇಲಿಟ್ಟು, ನಡುವಿನ ಕಾಗದಕ್ಕೆ ಅರಿಶಿನ ಕುಂಕುಮ ಹಚ್ಚಿ, ಒಂದು ಸೇವಂತಿಗೆ ಹೂವಿಟ್ಟೆನು. ಮುಚ್ಚಳ ಹಾಕಿ ಮೇಲೊಂದು ಕುಪ್ಪಸದ ಖಣ ಹೊದಿಸಿದೆನು. ಖಾಲಿ ಕವರನ್ನು ಶೆಲ್ಫಿನಲ್ಲೇ ಬಿಟ್ಟೆನು. ಇದನ್ನು ಯಾರಿಗೂ ಹೇಳಲಿಲ್ಲ. ಮಿಕ್ಸರಿಗೆ ಕುಂಕುಮ ಹಚ್ಚಿದ್ದನ್ನು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ?

ನಿನ್ನೆ ಮಧ್ಯಾಹ್ನ 3 ಗಂಟೆಗೆ ನಾನು ದಸರೆಯ ಬನ್ನಿ ಎಲೆ ಕೊಡಲು ನಮ್ಮ ಊರ ಕಡೆಯ ದಾನಪ್ಪನವರ ಮನೆಗೆ ಹೋದೆನು. ನಾನಿಲ್ಲದಾಗ ಹೆನ್ನಿಂಗ್ ಅವರು ಬಂದಿದ್ದಾರೆ. ಅಳಿಯಂದಿರು ಚಹಾ ಮಾಡಿ ತರುವಷ್ಟರಲ್ಲಿ ಆ ಹಿರಿಯರು ಅದೇ ಹೆಸರಿನ ಪ್ಲೇಟನ್ನು ತಮ್ಮ ಚೀಲದೊಳಗೆ ಇಡುತ್ತಿದ್ದುದನ್ನು ಕಂಡು, ಶೆಲ್ಫಿನ ಕವರ್ ತೆಗೆದು ನೋಡಿದರೆ ಖಾಲಿ. ಇದು ನನ್ನದೇ, ತೋರಿಸಲೆಂದು ತಂದೆ, ಚಹಾ ಚೆಲ್ಲೀತೆಂದು ಒಳಗಿಟ್ಟೆ ಎಂದು ಹಿರಿಯರು ಹೇಳಿದರೂ ಅಳಿಯಂದಿರು ನಂಬಲಿಲ್ಲ. ಜಗತ್ತಿನಲ್ಲಿ ಒಂದೇ ಇರುವುದು ಇನ್ನೊಬ್ಬರ ಚೀಲದಲ್ಲಿ ಹೇಗೆ ಬಂತು ಎಂಬುದು ಅವರ ಲೆಕ್ಕ.

ನಾನು 4.40ಕ್ಕೆ ಮರಳಿದಾಗ ಹಾಲ್‌ನಲ್ಲಿ ಮಹಿಳಾ ಕಾನ್‌ಸ್ಟೆಬಲ್ ಇದ್ದರು. ಠಾಣೆಗೆ ಹೋಗಬೇಕಾಗುತ್ತದೆ ಎಂದು ಹಿರಿಯರಿಗೆ ಹೇಳುತ್ತಿದ್ದರು. ಹಿರಿಯರು ಗೋಡೆ ಹಿಡಿದು ನಿಂತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ನಾನು ಆಡಿದ ಮಾತನ್ನು ಆಡಿದಂತೆಯೇ ಬರೆಸಿದ್ದೇನೆ: “ಮನಿಗೆ ಬಂದ ಹಿರ್ಯಾರನ್ನ ನಿಂದರಿಸಿ ಮಾತಾಡಸೂದು ಯಾವೂರ ರೀತಿರೀ? ಮೊದಲ ಕುರ್ಚಿ ಕೊಡ್ರಿ. ಆಮ್ಯಾಲೆ ಆ ಖಣ ತಗದು ಮುಚ್ಚಳ ಎತ್ತಿ ನೋಡ್ರಿ.”

ಅಳಿಯಂದಿರು ಮುಚ್ಚಳ ಎತ್ತಿದರು. ಪ್ಲೇಟು, ಕುಂಕುಮ, ಬಾಡಿದ ಹೂವು ಎಲ್ಲವೂ ಇಟ್ಟಲ್ಲೇ ಇದ್ದವು. ಅಳಿಯಂದಿರ ಮುಖದಲ್ಲಿ ರಕ್ತವಿರಲಿಲ್ಲ. ನಾನೇ ಕೆಂಪು ಪುಡಿ ಹಾಕಿದ್ದು ಎಂದು ಕಾನ್‌ಸ್ಟೆಬಲ್ ಅವರಿಗೆ ನನ್ನ ಇಂಗ್ಲಿಷಿನಲ್ಲಿ ಹೇಳಿದೆನು. ಅವರು ಕೈಗವಸು ಹಾಕಿಕೊಳ್ಳತೊಡಗಿದರು. ಅದು ದೇವರದೆಂದು ಅಳಿಯಂದಿರು ವಿವರಿಸಬೇಕಾಯಿತು.

ಹಿರಿಯರ ಪ್ಲೇಟಿನಲ್ಲಿ ಕುಂಕುಮವಿರಲಿಲ್ಲ. ನಡುವಿನ ಕಾಗದದ ಹತ್ತಿರ ಒಂದು ಸಣ್ಣ ಸೀಳಿತ್ತು, ಗದ್ದಲದಲ್ಲಿ ಅದನ್ನು ಯಾರೂ ಗಮನಿಸಿರಲಿಲ್ಲ. ಹಾಡಿದವನು ತನ್ನ ಅಣ್ಣ ಸ್ವೆಂಡ್, ಅದೇ ವರ್ಷದ ಚಳಿಗಾಲದಲ್ಲಿ ಸಮುದ್ರದಲ್ಲಿ ತೀರಿಕೊಂಡನು, ಪ್ಲೇಟು ಸೀಳಿದಂದಿನಿಂದ ಹಾಡಿನ ಕೊನೆಯನ್ನು ಕೇಳಿಲ್ಲ ಎಂದು ಅವರು ಹೇಳಿದರು. ಅವರ ಪ್ಲೇಟು ಹಾಕಿದೆವು. ಕೊನೆಗೆ ಬರುವಷ್ಟರಲ್ಲಿ ಮುಳ್ಳು ಹಾರಿತು. ಆಮೇಲೆ ಹೂವು ತೆಗೆದು ನಮ್ಮದನ್ನು ಹಾಕಿದೆನು. ಕಾನ್‌ಸ್ಟೆಬಲ್ ಅವರೂ ನಿಂತು ಕೇಳಿದರು.

ಗಿಟಾರುಗಳು ನಿಂತವು, ಹಾಡು ನಿಂತಿತು. ಡ್ರಮ್ ಒಂದೇ ನಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಆಗ ಆ ಹುಡುಗ ನಗುತ್ತಾ “ಹೆನ್ನಿಂಗ್!” ಎಂದು ಕೂಗಿದನು, ಮುಂದೆ ಅವರ ಭಾಷೆಯಲ್ಲಿ ಏನೋ ಅಂದನು. ಜುಲೈನಿಂದ ಆ ಕೂಗನ್ನು ನಾನು ಹುಡುಗರ ಗದ್ದಲವೆಂದುಕೊಂಡಿದ್ದೆ. ಸಾಕೋ ಹೆನ್ನಿಂಗ್, ನಡಿ, ಮನೆಗೆ ಹೋಗೋಣ ಎಂದು ಅದರ ಅರ್ಥವಂತೆ. ಹಿರಿಯರು ಪ್ಲೇಯರಿನ ಕಡೆ ಬಗ್ಗಿ ತಮ್ಮ ಭಾಷೆಯಲ್ಲಿ ಮೆಲ್ಲಗೆ ಉತ್ತರ ಕೊಟ್ಟರು. ಏನೆಂದರೆಂದು ನಾನು ಕೇಳಲಿಲ್ಲ. ನನ್ನ ಕಣ್ಣು ತುಂಬಿತ್ತು.

ಅಳಿಯಂದಿರು ತಾವಾಗಿಯೇ ನನ್ನ ಕೈಯಿಂದ ಬನ್ನಿ ಎಲೆ ಇಸಿದುಕೊಂಡು, ಹಿರಿಯರ ಅಂಗೈಯಲ್ಲಿಟ್ಟು, ಅವರ ಕಾಲು ಮುಟ್ಟಿದರು. ದೂರನ್ನು ಹಿಂಪಡೆಯುವುದಾಗಿ ಕಾನ್‌ಸ್ಟೆಬಲ್ ಅವರಿಗೆ ಹೇಳಿದರು. ನನ್ನ ಅಳಿಯ ಕೆಟ್ಟವರಲ್ಲ, ಇದನ್ನೂ ಬರೆದುಕೊಳ್ಳಬೇಕು.

ಎರಡು ಪ್ಲೇಟುಗಳಲ್ಲಿ ಯಾವುದು ಯಾರ ಸ್ವತ್ತು ಎಂದು ಇಂದು ನನ್ನನ್ನು ಕೇಳಲಾಯಿತು. ಸೀಳಿದ್ದು ಹೆನ್ನಿಂಗ್ ಅವರದು. ಕುಂಕುಮದ್ದು ನಿನ್ನೆ ಸಂಜೆಯವರೆಗೆ ನನ್ನದಾಗಿತ್ತು. ಅದು ಯಾರ ಹೆಸರು ಹಿಡಿದು ಕರೆಯುತ್ತದೆಯೋ, ಇನ್ನು ಮೇಲೆ ಅವರದು.

ಮೇಲೆ ಬರೆದದ್ದನ್ನು ನನಗೆ ಕನ್ನಡದಲ್ಲಿ ಓದಿ ಹೇಳಿದ್ದಾರೆ. ಎಲ್ಲವೂ ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು, ಇಲ್ಲವೇ ಅಳಿಯಂದಿರೇ ನನ್ನ ಮುಂದೆ ಒಪ್ಪಿದ್ದು. ಒಂದು ಮಾತೂ ಸುಳ್ಳಲ್ಲ.

ಸ್ಥಳ: ಗ್ರೀನ್‌ಫರ್ಡ್, ಲಂಡನ್
ದಿನಾಂಕ: 03-10-2025
ಸಹಿ: ರತ್ನಾಬಾಯಿ